ಕರಗಿದ್ದು ಎಲ್ಲಿಗೆ ಹೋಯಿತು?

ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕಲಕಿದರೆ ಅರ್ಧ ನಿಮಿಷದಲ್ಲಿ ಉಪ್ಪು ಕಾಣದಾಗುತ್ತದೆ. ಆದರೆ ಲೋಟವನ್ನು ತಕ್ಕಡಿಯಲ್ಲಿ ಇಟ್ಟು ನೋಡಿದರೆ ನೀರು, ಉಪ್ಪು ಎರಡರ ತೂಕವೂ ಅಲ್ಲೇ ಇರುತ್ತದೆ, ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರುವುದಿಲ್ಲ. ಕಣ್ಣು ಹೋಯಿತು ಎನ್ನುತ್ತದೆ, ತಕ್ಕಡಿ ಇದೆ ಎನ್ನುತ್ತದೆ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಧಾತು, ಸಂಯುಕ್ತ, ಮಿಶ್ರಣ ಎಂಬ ಪಾಠ ಶುರುವಾಗುವುದು ಹೆಚ್ಚುಕಡಿಮೆ ಇಲ್ಲಿಂದಲೇ. ಸಂಯುಕ್ತವನ್ನು ಒಡೆಯಲು ರಾಸಾಯನಿಕ ಕ್ರಿಯೆ ಬೇಕು, ಮಿಶ್ರಣದ ಘಟಕಗಳನ್ನಾದರೆ ಸೋಸುವುದು, ಆವಿ ಮಾಡುವುದು ಇತ್ಯಾದಿ ಭೌತಿಕ ವಿಧಾನಗಳಿಂದಲೇ ಬೇರ್ಪಡಿಸಬಹುದು ಎಂದು ಮಕ್ಕಳು ಬರೆದು ಎರಡು ಅಂಕ ಗಿಟ್ಟಿಸುತ್ತಾರೆ. ಉತ್ತರ ಸರಿಯೇ. ಆದರೆ ಆ ‘ಬಹುದು’ ಎಂಬ ಪದದೊಳಗೆ ಬಹಳಷ್ಟು ಅಡಗಿದೆ. ಯಾರು ಬೇರ್ಪಡಿಸಬೇಕು, ಎಷ್ಟು ಇಂಧನ ಸುಟ್ಟು, ಯಾರ ಖರ್ಚಿನಲ್ಲಿ, ಬೇರ್ಪಡಿಸಿದ ಮೇಲೆ ಉಳಿದದ್ದನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗಳು ಪಾಠದ ಕೊನೆಯ ಅಭ್ಯಾಸದಲ್ಲಿ ಇರುವುದಿಲ್ಲ. ಬೆರೆಯುವುದು ತಾನಾಗಿಯೇ ನಡೆಯುತ್ತದೆ, ಬೇರ್ಪಡಿಸುವುದಕ್ಕೆ ದುಡಿಮೆ ಬೇಕು. ರಸಾಯನಶಾಸ್ತ್ರದ ಈ ಸರಳ ಸತ್ಯವನ್ನು ಮರೆತರೆ ಏನಾಗುತ್ತದೆಂಬುದನ್ನು ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಷ್ಟು ಸ್ಪಷ್ಟವಾಗಿ ತೋರಿಸುವ ಊರು ದಕ್ಷಿಣ ಭಾರತದಲ್ಲಿ ಇನ್ನೊಂದಿರಲಾರದು.

ಕನ್ನಡಿಗರಿಗೆ ಈ ಊರು ಪರಕೀಯವೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ನೆಲೆವೀಡಾಗಿದ್ದ, ಜೇಡರ ದಾಸಿಮಯ್ಯನ ಕಥೆಗಳಲ್ಲಿ ಬರುವ ಪೊಟ್ಟಲಕೆರೆ ಇದೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ನಮ್ಮ ‘ಕೆರೆ’ ತೆಲುಗಿನ ‘ಚೆರುವು’ ಆಗಿ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಹುಮನಾಬಾದ್, ಜಹೀರಾಬಾದ್ ಕಡೆಯಿಂದ ಹೈದರಾಬಾದಿಗೆ ಹೋಗುವ ಬಸ್ಸುಗಳು ನಗರ ಹೊಕ್ಕುವ ಮೊದಲು ಹಾದುಹೋಗುವುದು ಈ ಊರನ್ನೇ. ಜೋಳ, ತೊಗರಿ, ಶೇಂಗಾ ಬೆಳೆಗಳ ಸಂಶೋಧನೆಗೆ ಹೆಸರಾದ ಇಕ್ರಿಸ್ಯಾಟ್ 1972ರಲ್ಲಿ ಇಲ್ಲಿಗೆ ಬಂತು. ಅದೇ 1972ರಲ್ಲಿ ಭಾರತದ ಹೊಸ ಪೇಟೆಂಟ್ ಕಾಯ್ದೆಯೂ ಜಾರಿಗೆ ಬಂತು. ಔಷಧಕ್ಕೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಎಂಬ ಆ ಕಾನೂನಿನ ನೆರಳಿನಲ್ಲಿ, ಹೈದರಾಬಾದಿನ ಸರ್ಕಾರಿ ಔಷಧ ಕಾರ್ಖಾನೆ ಐಡಿಪಿಎಲ್‌ನಲ್ಲಿ ಪಳಗಿದ ರಸಾಯನತಜ್ಞರ ಕೈಯಲ್ಲಿ, ಬಲ್ಕ್ ಡ್ರಗ್ ಉದ್ಯಮ ಬೆಳೆಯಿತು. ಮಾತ್ರೆಯೊಳಗಿನ ನಿಜವಾದ ಮದ್ದಿನ ಪುಡಿಗೆ ಆ ಉದ್ಯಮದವರು ಹೇಳುವ ಹೆಸರು ಬಲ್ಕ್ ಡ್ರಗ್. ಹಿಂದುಳಿದಿದ್ದ ಮೆದಕ್ ಜಿಲ್ಲೆಗೆ ಕೈಗಾರಿಕೆ ತರುವ ಸರ್ಕಾರದ ಉತ್ಸಾಹದಲ್ಲಿ ಪಟಾನ್‌ಚೆರು, ಬೊಲ್ಲಾರಂ, ಪಾಶಮೈಲಾರಂ ಕೈಗಾರಿಕಾ ಪ್ರದೇಶಗಳಾದವು. ಅವುಗಳ ಕೊಳೆನೀರು ಹರಿದದ್ದು ಇಸ್ಕವಾಗು, ನಕ್ಕವಾಗು ಎಂಬ ಹಳ್ಳಗಳಿಗೆ (ವಾಗು ಎಂದರೆ ಹಳ್ಳ, ನಕ್ಕ ಎಂದರೆ ನರಿ). ಅಲ್ಲಿಂದ ಮಾಂಜ್ರಾ ನದಿಗೆ, ಮಾಂಜ್ರಾದಿಂದ ಗೋದಾವರಿಗೆ. 1990ರಲ್ಲೇ ಈ ಮಾಲಿನ್ಯದ ದೂರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಬೇರ್ಪಡಿಸುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ಅಡುಗೆಮನೆ, ಕಣಗಳ ಕನ್ನಡದಲ್ಲಿ ಅದಕ್ಕಿರುವ ಕ್ರಿಯಾಪದಗಳನ್ನೇ ನೋಡಿ. ಮೊರದಲ್ಲಿ ಕೇರುತ್ತೇವೆ, ಗಾಳಿಗೆ ತೂರುತ್ತೇವೆ, ಜರಡಿ ಹಿಡಿಯುತ್ತೇವೆ, ಅಕ್ಕಿಯನ್ನು ನೀರಿನಲ್ಲಿ ಗಾಳಿಸಿ ಕಲ್ಲು ತೆಗೆಯುತ್ತೇವೆ, ಗಂಜಿ ಬಸಿಯುತ್ತೇವೆ, ಕಾಫಿ ಸೋಸುತ್ತೇವೆ, ಮೊಸರು ಕಡೆದು ಬೆಣ್ಣೆ ತೆಗೆಯುತ್ತೇವೆ. ಒಂದೊಂದು ಪದವೂ ಒಂದೊಂದು ಬಗೆಯ ಮೈಬೆವರು. ಎಲ್ಲದರ ಗುಟ್ಟು ಒಂದೇ: ಬೆರೆತ ಎರಡು ವಸ್ತುಗಳ ನಡುವೆ ಉಳಿದಿರುವ ಯಾವುದಾದರೊಂದು ವ್ಯತ್ಯಾಸವನ್ನು ಹಿಡಿದುಕೊಳ್ಳುವುದು. ಹೊಟ್ಟು ಹಗುರ, ಕಾಳು ಭಾರ, ಹಾಗಾಗಿ ತೂರಬಹುದು. ಚರಟ ದೊಡ್ಡದು, ಡಿಕಾಕ್ಷನ್ನಿನ ಕಣ ಸಣ್ಣದು, ಹಾಗಾಗಿ ಸೋಸಬಹುದು. ಉಪ್ಪು ನೀರಿನಲ್ಲಿ ಕರಗಿದಾಗ ಮಾತ್ರ ಈ ಹಿಡಿತ ಕೈತಪ್ಪುತ್ತದೆ. ಸೋಡಿಯಂ, ಕ್ಲೋರಿನ್‌ಗಳು ವಿದ್ಯುದಾವೇಶ ಹೊತ್ತ ಅಯಾನುಗಳಾಗಿ ಬಿಡಿಬಿಡಿಯಾಗಿ, ಒಂದೊಂದನ್ನೂ ನೀರಿನ ಅಣುಗಳು ಸುತ್ತುವರಿದು ನಿಂತುಬಿಡುತ್ತವೆ. ಆಗ ಯಾವ ಬಟ್ಟೆಯೂ ಅದನ್ನು ಸೋಸಲಾರದು, ಎಷ್ಟು ದಿನ ಇಟ್ಟರೂ ತಳಕ್ಕೆ ಇಳಿಯದು. ಉಳಿಯುವ ದೊಡ್ಡ ವ್ಯತ್ಯಾಸ ಒಂದೇ, ಬಿಸಿ ಮಾಡಿದರೆ ನೀರು ಅನಿಲವಾಗಿ ಏಳುತ್ತದೆ, ಉಪ್ಪು ಏಳುವುದಿಲ್ಲ. ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳ ಪಾಠಕ್ಕೂ ಮಿಶ್ರಣದ ಪಾಠಕ್ಕೂ ಇರುವ ನಂಟು ಇದೇ. ಹಾಲಿನಿಂದ ನೀರನ್ನು ಬೇರ್ಪಡಿಸಿ ಕುಡಿಯುವ ಹಂಸವನ್ನು ಕವಿಗಳು ಕಲ್ಪಿಸಿಕೊಂಡದ್ದು ಸುಮ್ಮನೆ ಅಲ್ಲ. ಅದು ಅಷ್ಟು ಕಷ್ಟದ ಕೆಲಸವಾದ್ದರಿಂದಲೇ ವಿವೇಕಕ್ಕೆ ಉಪಮೆಯಾಯಿತು.

ಈಗ ಪಟಾನ್‌ಚೆರುವಿನ ಲೋಟಕ್ಕೆ ಬರೋಣ. ಸುತ್ತಲಿನ ಸುಮಾರು 90 ಬಲ್ಕ್ ಡ್ರಗ್ ಕಾರ್ಖಾನೆಗಳು ತಮ್ಮ ಕೊಳೆನೀರನ್ನು ಟ್ಯಾಂಕರುಗಳಲ್ಲಿ ಒಂದು ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಕಳಿಸುತ್ತಿದ್ದವು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಯೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಆ ಘಟಕದಿಂದ ಹೊರಬೀಳುವ, ಅಂದರೆ ಶುದ್ಧೀಕರಿಸಿದ ಮೇಲಿನ, ನೀರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಫಲಿತಾಂಶ ವಿಜ್ಞಾನಲೋಕವನ್ನೇ ಬೆಚ್ಚಿಬೀಳಿಸಿತು. ಸಿಪ್ರೊಫ್ಲಾಕ್ಸಾಸಿನ್ ಎಂಬ ಸಾಮಾನ್ಯ ಆ್ಯಂಟಿಬಯಾಟಿಕ್ ಆ ನೀರಿನಲ್ಲಿ ಲೀಟರಿಗೆ 28ರಿಂದ 31 ಮಿಲಿಗ್ರಾಂನಷ್ಟಿತ್ತು. 31 ಮಿಲಿಗ್ರಾಂ ಎಂದರೆ ಒಂದು ಚಿಟಿಕೆಗೂ ಕಡಿಮೆ, ಇದೇನು ಮಹಾ ಎನಿಸಬಹುದು. ಆದರೆ 500 ಮಿಲಿಗ್ರಾಂ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಆ ಮದ್ದು ಅತಿ ಹೆಚ್ಚೆಂದರೆ ಲೀಟರಿಗೆ ಎರಡು ಮೂರು ಮಿಲಿಗ್ರಾಂ ಮಟ್ಟಕ್ಕೆ ಏರುತ್ತದೆ. ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಮದ್ದು ಹಳ್ಳಕ್ಕೆ ಬಿಡುವ ನೀರಿನಲ್ಲಿತ್ತು. ಘಟಕ ದಿನಕ್ಕೆ ನಿಭಾಯಿಸುತ್ತಿದ್ದುದು ಸುಮಾರು 15 ಲಕ್ಷ ಲೀಟರ್. ಲೀಟರಿಗೆ 30 ಮಿಲಿಗ್ರಾಂ ಎಂದು ಹಿಡಿದು ಗುಣಿಸಿದರೆ ದಿನವೊಂದಕ್ಕೆ 45 ಕಿಲೊ, ಅಂದರೆ 90,000 ಮಾತ್ರೆಗಳಿಗೆ ಆಗುವಷ್ಟು ಮದ್ದು. 90 ಲಕ್ಷ ಜನಸಂಖ್ಯೆಯ ಸ್ವೀಡನ್ ದೇಶ ಐದು ದಿನಕ್ಕೆ ಬಳಸುವಷ್ಟನ್ನು ಇಲ್ಲಿನ ಹಳ್ಳ ಒಂದೇ ದಿನದಲ್ಲಿ ಕುಡಿಯುತ್ತಿತ್ತು. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಸುತ್ತಲಿನ ಕೆರೆಗಳಲ್ಲಿ, ಹಳ್ಳಿಗಳ ಬಾವಿಗಳಲ್ಲಿ ಸಹ ಔಷಧಗಳನ್ನು ಕಂಡಿತು. ಒಂದು ಕೆರೆಯಲ್ಲಂತೂ ಸಿಪ್ರೊಫ್ಲಾಕ್ಸಾಸಿನ್ ಲೀಟರಿಗೆ 6.5 ಮಿಲಿಗ್ರಾಂ ಇತ್ತು.

ಹಳ್ಳ ನದಿಗೆ ಸೇರುತ್ತದೆ, ನದಿ ದೊಡ್ಡದು, ಅಲ್ಲಿ ಎಲ್ಲವೂ ತೆಳುವಾಗಿ ಹೋಗುತ್ತದಲ್ಲ ಎಂಬುದು ಎಲ್ಲರ ಬಾಯಲ್ಲೂ ಬರುವ ಮೊದಲ ಆಕ್ಷೇಪ. ಇದರಲ್ಲಿ ಸ್ವಲ್ಪ ನಿಜವಿದೆ. ಎಷ್ಟೋ ವಸ್ತುಗಳು ಒಂದು ಮಟ್ಟಕ್ಕಿಂತ ತೆಳುವಾದರೆ ತೊಂದರೆ ಕೊಡುವುದಿಲ್ಲ, ಉಪ್ಪೂ ಹಾಗೆಯೇ. ಆದರೆ ಈ ವಾದ ಎರಡು ಕಡೆ ಮುಗ್ಗರಿಸುತ್ತದೆ. ದಖ್ಖನ್ನಿನ ಹಳ್ಳ ಮಳೆಗಾಲದಲ್ಲಿ ಹರಿಯುವ ಹಳ್ಳ, ಬೇಸಿಗೆಯಲ್ಲಿ ಅದರಲ್ಲಿ ಹರಿಯುವುದೇ ಕಾರ್ಖಾನೆಯ ನೀರು. ಕೆರೆಯಂತೂ ಬಿಸಿಲಿಗಿಟ್ಟ ಬಾಣಲೆ. ಗೋಕರ್ಣದ ಬಳಿ ಸಾಣಿಕಟ್ಟಾದ ಆಗರಗಳಲ್ಲಿ ಸಮುದ್ರದ ನೀರು ಉಪ್ಪಾಗುವುದು ಹೇಗೋ ಹಾಗೆಯೇ ಇಲ್ಲಿಯೂ ನೀರು ಮೇಲೇಳುತ್ತದೆ, ಕರಗಿದ್ದು ಹಿಂದುಳಿದು ದಟ್ಟವಾಗುತ್ತದೆ. ಆ ನೀರನ್ನು ಗದ್ದೆಗೆ ಹಾಯಿಸಿದರೆ ನೆಲದ ಮೇಲೆ ಬಿಳಿಯ ಪೊರೆ ಕಟ್ಟಿ ಭೂಮಿ ಸವಳಾಗುತ್ತದೆ. ಮಳೆ ತೆಳುಗೊಳಿಸಿದ್ದನ್ನು ಬಿಸಿಲು ಮತ್ತೆ ಗಟ್ಟಿಮಾಡುತ್ತದೆ. ಎರಡನೆಯದು, ಬ್ಯಾಕ್ಟೀರಿಯಾಗಳ ಲೆಕ್ಕ ನಮ್ಮ ನಾಲಗೆಯ ಲೆಕ್ಕವಲ್ಲ. ಅತಿ ಸಣ್ಣ ಪ್ರಮಾಣದ ಆ್ಯಂಟಿಬಯಾಟಿಕ್ ಕೂಡ ಮದ್ದಿಗೆ ಬಗ್ಗದ ತಳಿಗಳನ್ನು ಉಳಿಸಿ ಉಳಿದವನ್ನು ಹಿಂದಕ್ಕೆ ತಳ್ಳಬಲ್ಲದು. ಲಾರ್ಸನ್ ತಂಡ ಅಳೆದ ಮಟ್ಟ ಕೆಲವು ಬ್ಯಾಕ್ಟೀರಿಯಾಗಳಿಗೆ ಮಾರಕವಾದ ಮಟ್ಟಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚಿತ್ತು. ಸಾವಿರ ಪಟ್ಟು ತೆಳುಮಾಡಿದರೂ ಅದು ಸುಮ್ಮನಿರುವ ನೀರಲ್ಲ. ತೆಳುಗೊಳಿಸುವ ನೀತಿ ಎಲ್ಲಿಗೆ ತಲುಪುತ್ತದೆ ಎಂಬುದಕ್ಕೆ ಮುಂದಿನ ಕಥೆಯೇ ಸಾಕ್ಷಿ. ಹಳ್ಳಕ್ಕೆ ಬಿಡುವುದರ ಮೇಲೆ ಒತ್ತಡ ಹೆಚ್ಚಿದಾಗ ಘಟಕದ ನೀರನ್ನು ಪೈಪಿನಲ್ಲಿ ಹೈದರಾಬಾದಿನ ಒಳಚರಂಡಿಗೆ ಸೇರಿಸಿ, ಅಂಬರ್‌ಪೇಟೆಯ ಕೊಳಚೆ ಶುದ್ಧೀಕರಣ ಘಟಕದ ಮೂಲಕ ಮೂಸಿ ನದಿಗೆ ಬಿಡುವ ವ್ಯವಸ್ಥೆಯಾಯಿತು. ಮಾಂಜ್ರಾ ಗೋದಾವರಿಯ ಉಪನದಿ, ಮೂಸಿ ಕೃಷ್ಣೆಯ ಉಪನದಿ. ಮಿಶ್ರಣ ಬೇರ್ಪಡಲಿಲ್ಲ, ನದೀಕಣಿವೆ ಬದಲಾಯಿಸಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಉಪ್ಪಿನಂತೆ ಔಷಧ ಅಲ್ಲ, ಅದು ಕಾರ್ಬನ್ನಿನ ಸಂಯುಕ್ತ. ಸಂಯುಕ್ತವನ್ನು ಒಡೆಯಬಹುದು, ಸೂಕ್ಷ್ಮಜೀವಿಗಳು ತಿಂದು ಮುಗಿಸಬಹುದು, ಶುದ್ಧೀಕರಣ ಘಟಕ ಇರುವುದೇ ಅದಕ್ಕೆ. ಸಕ್ಕರೆ, ಪಿಷ್ಟ, ಮದ್ಯಸಾರ ಸೇರಿದ ನೀರಿಗೆ ಈ ಮಾತು ಪೂರ್ತಿ ಸಲ್ಲುತ್ತದೆ. ಧಾತುವಿಗೂ ಸಂಯುಕ್ತಕ್ಕೂ ಇರುವ ಭೇದ ಪರೀಕ್ಷೆಗಷ್ಟೇ ಅಲ್ಲ, ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಪಟಾನ್‌ಚೆರುವಿನ ಮಣ್ಣಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ ಆರ್ಸೆನಿಕ್, ಕ್ರೋಮಿಯಂಗಳು ಧಾತುಗಳು, ಅವನ್ನು ಸುಟ್ಟರೂ ಕೊಳೆಸಿದರೂ ಅವು ಅವೇ. ಸಿಪ್ರೊಫ್ಲಾಕ್ಸಾಸಿನ್ ಹಾಗಲ್ಲ: 17 ಕಾರ್ಬನ್, 18 ಹೈಡ್ರೋಜನ್, 3 ನೈಟ್ರೋಜನ್, 3 ಆಕ್ಸಿಜನ್, 1 ಫ್ಲೋರಿನ್ ಪರಮಾಣು ಸೇರಿ ಆದ ಅಣು ಅದು, ಒಡೆದರೆ ಮದ್ದಿನ ಗುಣ ಹೋಗುತ್ತದೆ. ತೊಡಕು ಏನೆಂದರೆ, ಒಡೆಯಬೇಕಾದ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕಾಗಿಯೇ ಆ ಅಣುವನ್ನು ರೂಪಿಸಲಾಗಿದೆ. ಕಳ್ಳನನ್ನು ಹಿಡಿಯಲು ಹೋದ ಪೊಲೀಸರನ್ನು ಕಳ್ಳನೇ ಹಿಡಿದಂತೆ. ಇಷ್ಟಾಗಿ ಘಟಕದಲ್ಲಿ ಜೈವಿಕ ಕ್ರಿಯೆ ಚುರುಕಾಗಲೆಂದು ಕಾರ್ಖಾನೆಯ ನೀರಿಗೆ ಶೇ 20ರಷ್ಟು ಮನೆಗಳ ಕೊಳಚೆನೀರನ್ನೂ ಬೆರೆಸಲಾಗುತ್ತಿತ್ತು. ಮನುಷ್ಯರ ಕರುಳಿನ ಬ್ಯಾಕ್ಟೀರಿಯಾ ಮತ್ತು ಮನುಷ್ಯರ ಆ್ಯಂಟಿಬಯಾಟಿಕ್ ಎರಡನ್ನೂ ಒಂದೇ ತೊಟ್ಟಿಯಲ್ಲಿ ದಿನಗಟ್ಟಲೆ ಕಲಕಿದರೆ ಬದುಕುಳಿಯುವುದು ಯಾವ ಜೀವಿ ಎಂದು ಊಹಿಸಲು ಪದವಿ ಬೇಕಿಲ್ಲ. ಹಳ್ಳದ ಕೆಸರಿನಲ್ಲಿ ಮದ್ದಿಗೆ ಬಗ್ಗದ ವಂಶವಾಹಿಗಳು ಹೇರಳವಾಗಿರುವುದನ್ನು ಸ್ವೀಡನ್ನಿನ ಅದೇ ತಂಡದ ಮುಂದಿನ ಅಧ್ಯಯನ ತೋರಿಸಿತು. ಬೆರೆಸಬಾರದ್ದನ್ನು ಬೆರೆಸಿದ ತಪ್ಪನ್ನು ಇನ್ನಷ್ಟು ಬೆರೆಸಿ ತಿದ್ದಲು ಹೊರಟಿದ್ದರ ಫಲ ಇದು.

ಹಾಗಾದರೆ ಕುದಿಸಿಬಿಡಿ, ನೀರೆಲ್ಲ ಆವಿಯಾಗಲಿ, ಒಂದು ಹನಿಯೂ ಹೊರಗೆ ಬಿಡಬೇಡಿ ಎನ್ನಬಹುದು. ಕಾರ್ಖಾನೆಗಳಲ್ಲಿ ಇದಕ್ಕೆ ಜೆಡ್‌ಎಲ್‌ಡಿ ಎನ್ನುತ್ತಾರೆ, ಶೂನ್ಯ ದ್ರವ ವಿಸರ್ಜನೆ ಎಂದರ್ಥ. ಶಾಲೆಯ ಪುಸ್ತಕದ ‘ಆವೀಕರಣ’ವನ್ನೇ ದೊಡ್ಡದಾಗಿ ಮಾಡುವುದು ಇದು. ಆದರೆ ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಗುಪ್ತೋಷ್ಣ ಎಂಬುದೊಂದು ಕಾದು ಕುಳಿತಿದೆ. ಒಂದು ಲೀಟರ್ ನೀರನ್ನು ಕೋಣೆಯ ಬಿಸಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 315 ಕಿಲೊಜೂಲ್ ಸಾಕು. ಅಲ್ಲಿಂದ ಒಂದು ಡಿಗ್ರಿಯೂ ಏರದೆ ಬರಿದೇ ಆವಿಯಾಗಲು ಇನ್ನೂ 2,260 ಕಿಲೊಜೂಲ್ ಬೇಕು. ಚಹಾಕ್ಕಿಟ್ಟ ನೀರು ಬೇಗ ಕುದಿಯಲು ತೊಡಗಿದರೂ ಪಾತ್ರೆ ಒಣಗಲು ಅಷ್ಟು ಹೊತ್ತು ಹಿಡಿಯುವುದು ಇದಕ್ಕೇ. ಒಟ್ಟು ಸೇರಿಸಿದರೆ ಲೀಟರಿಗೆ ಸುಮಾರು 0.7 ಯೂನಿಟ್ ವಿದ್ಯುತ್ತಿಗೆ ಸಮ. 15 ಲಕ್ಷ ಲೀಟರಿಗೆ ದಿನಕ್ಕೆ ಹತ್ತು ಲಕ್ಷ ಯೂನಿಟ್ಟಿಗೂ ಮೇಲೆ, ಅಂದರೆ ತಿಂಗಳಿಗೆ ನೂರು ಯೂನಿಟ್ ಸುಡುವ ಹತ್ತು ಸಾವಿರ ಮನೆಗಳ ಇಡೀ ತಿಂಗಳ ಬಳಕೆ. ಒಂದು ಪಾತ್ರೆಯ ಹಬೆಯಿಂದಲೇ ಮುಂದಿನ ಪಾತ್ರೆಯನ್ನು ಕುದಿಸುವ ಬಹುಹಂತದ ಇವಾಪರೇಟರುಗಳಿವೆ, ಮೂರು ಹಂತವಿದ್ದರೆ ಖರ್ಚು ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕಿಳಿಯುತ್ತದೆ. ಆರ್‌ಒ ಇನ್ನೂ ಅಗ್ಗ, ಸಮುದ್ರದ ಸಾವಿರ ಲೀಟರ್ ನೀರಿಗೆ ಮೂರು ನಾಲ್ಕು ಯೂನಿಟ್ ಸಾಕು. ಆದರೆ ಮನೆಯ ಆರ್‌ಒ ಯಂತ್ರದಿಂದ ಸಿಂಕಿಗೆ ಇಳಿಬಿಟ್ಟ ಸಣ್ಣ ಕೊಳವೆಯನ್ನು ನೋಡಿದವರಿಗೆ ಅದರ ಮಿತಿ ಗೊತ್ತು. ಕುಡಿಯುವ ನೀರು ಒಂದು ಕಡೆ ಬಂದರೆ ಉಪ್ಪೆಲ್ಲ ಸೇರಿದ ದಟ್ಟ ನೀರು ಇನ್ನೊಂದು ಕಡೆ ಹೋಗುತ್ತದೆ. ಕಾರ್ಖಾನೆಯಲ್ಲಿ ಆ ದಟ್ಟ ನೀರನ್ನು ಕೊನೆಗೂ ಕುದಿಸಲೇಬೇಕು. ಕುದಿಸಿದ ಮೇಲೆ ಉಳಿಯುವುದು ಸಾಣಿಕಟ್ಟಾದ ಬೆಳ್ಳಗಿನ ಉಪ್ಪಲ್ಲ. ಸೋಡಿಯಂ ಕ್ಲೋರೈಡ್, ಸೋಡಿಯಂ ಸಲ್ಫೇಟ್, ಗುರುತು ಸಿಗದ ಹತ್ತಾರು ಸಾವಯವ ಚೂರುಗಳು ಕಲೆತ ಕಂದು ಮುದ್ದೆ. ಯಾರೂ ಕೊಳ್ಳದ ಅದನ್ನು ಅಪಾಯಕಾರಿ ತ್ಯಾಜ್ಯದ ಹೊಂಡಕ್ಕೆ ಸಾಗಿಸಬೇಕು. ದ್ರವವಾಗಿದ್ದ ಮಿಶ್ರಣ ಘನ ಮಿಶ್ರಣವಾಯಿತು, ಅಷ್ಟೇ.

ಇಷ್ಟು ಹೇಳಿದ ಮೇಲೆ ಕಾರ್ಖಾನೆಗಳಿಗೆ ಬೇರ್ಪಡಿಸಲು ಬರುವುದಿಲ್ಲ ಎಂದುಕೊಂಡರೆ ತಪ್ಪಾದೀತು. ಬಲ್ಕ್ ಡ್ರಗ್ ಕಾರ್ಖಾನೆ ಎಂದರೇ ಬೇರ್ಪಡಿಸುವ ಕಾರ್ಖಾನೆ. ಪ್ರತಿ ಹಂತದಲ್ಲೂ ಅಲ್ಲಿ ಸ್ಫಟಿಕ ಕಟ್ಟಿಸುತ್ತಾರೆ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತಾರೆ, ಟೊಲುವಿನ್, ಮೆಥನಾಲ್, ಅಸಿಟೋನ್‌ನಂಥ ದ್ರಾವಕಗಳನ್ನು ಬಟ್ಟಿ ಇಳಿಸಿ ಮತ್ತೆ ಮತ್ತೆ ಬಳಸುತ್ತಾರೆ. ದ್ರಾವಕಕ್ಕೆ ಬೆಲೆಯಿದೆ, ಹಾಗಾಗಿ ಅದನ್ನು ಹಿಡಿಯುವ ಗೋಪುರಗಳಿವೆ. ಆಮ್ಲವನ್ನು ಕಾಸ್ಟಿಕ್ ಸೋಡಾ ಹಾಕಿ ತಣಿಸಿದಾಗ ಹುಟ್ಟುವ ಉಪ್ಪಿಗೆ ಬೆಲೆಯಿಲ್ಲ, ಹಾಗಾಗಿ ಅದು ನೀರಿನ ಪಾಲು. ಬೇರ್ಪಡಿಸುವ ಗೆರೆಯನ್ನು ಎಳೆದದ್ದು ರಸಾಯನಶಾಸ್ತ್ರವಲ್ಲ, ಲೆಕ್ಕಪುಸ್ತಕ. ಔಷಧ ಅಗ್ಗವಾಗಿ ಸಿಗಬೇಕಾದರೆ ಇದೆಲ್ಲ ಅನಿವಾರ್ಯ, ಬಡವರ ಮಾತ್ರೆಗೆ ಕಲ್ಲು ಹಾಕಬೇಡಿ ಎಂಬ ವಾದವಿದೆ. ಭಾರತದ ಅಗ್ಗದ ಮದ್ದು ಜಗತ್ತಿನಲ್ಲಿ ಅಸಂಖ್ಯ ಜೀವ ಉಳಿಸಿದೆ ಎಂಬುದನ್ನು ಒಪ್ಪದವನು ಕೃತಘ್ನ. ಆದರೆ ಬೇರ್ಪಡಿಸುವ ಕೆಲಸ ಬಿಟ್ಟರೆ ಅದರ ಖರ್ಚು ಮಾಯವಾಗುವುದಿಲ್ಲ. ನಕ್ಕವಾಗು ಬದಿಯ ರೈತನ ಸವಳಾದ ಗದ್ದೆಯಲ್ಲಿ, ಮದ್ದು ನಾಟದ ಸೋಂಕು ಹತ್ತಿದ ರೋಗಿಯ ಆಸ್ಪತ್ರೆ ಬಿಲ್ಲಿನಲ್ಲಿ ಅದು ಏಳುತ್ತದೆ. ಆ ರೋಗಿಯೂ ಬಡವನೇ ಆಗಿರಬಹುದು, ಅವನಿಗೆ ಅಗ್ಗದ ಸಿಪ್ರೊಫ್ಲಾಕ್ಸಾಸಿನ್‌ನಿಂದ ಉಪಯೋಗವಿಲ್ಲ. ಅಲ್ಲದೆ ದುಬಾರಿಯಾಗುವುದು ಬೆರೆಸಿದ ಮೇಲೆ ಬೇರ್ಪಡಿಸುವುದು. ಮದ್ದಿನ ಸ್ಫಟಿಕ ತೆಗೆದ ಮೇಲೆ ಉಳಿದ ಮೂಲದ್ರವ ಕೆಲವೇ ಸಾವಿರ ಲೀಟರ್ ಇರುವಾಗ, ಅದರಲ್ಲಿ ಏನಿದೆ ಎಂದು ಅಲ್ಲಿನ ರಸಾಯನತಜ್ಞನಿಗೆ ಗೊತ್ತಿರುವಾಗ, ಅದೊಂದನ್ನೇ ಸುಡುವುದೋ ರಾಸಾಯನಿಕವಾಗಿ ಒಡೆಯುವುದೋ ಸಾಧ್ಯ. ಅದೇ ದ್ರವ ನೆಲ ತೊಳೆದ ನೀರು, ಕೂಲಿಂಗ್ ಟವರಿನ ನೀರು, ಪಕ್ಕದ ಎಂಬತ್ತೊಂಬತ್ತು ಕಾರ್ಖಾನೆಗಳ ನೀರಿನ ಜತೆ ಟ್ಯಾಂಕರಿನಲ್ಲಿ ಕಲೆತ ಮೇಲೆ ಹಂಸವೇ ಬರಬೇಕು. ಉದ್ಯಮದವರು ಹೈ ಟಿಡಿಎಸ್, ಲೋ ಟಿಡಿಎಸ್ ಎಂದು ಕೊಳೆನೀರನ್ನು ಎರಡು ಪೈಪುಗಳಿಗೆ ಒಡೆಯುವುದು ಈ ದಿಕ್ಕಿನ ಹೆಜ್ಜೆ (ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಘನವಸ್ತುಗಳ ಒಟ್ಟು ಪ್ರಮಾಣ). ಆದರೆ ಉಪ್ಪು ಎಷ್ಟಿದೆ ಎಂಬ ಒಂದೇ ಗುಣದ ಮೇಲೆ ನಿಂತ ವಿಂಗಡಣೆ ಅದು, ಮದ್ದು ಯಾವ ಪೈಪಿನಲ್ಲಿದೆ ಎಂದು ಅದು ಕೇಳುವುದಿಲ್ಲ.

ಕೇಳದಿರುವುದಕ್ಕೆ ನಾವು ಅಳೆಯುವ ರೀತಿಯೂ ಕಾರಣ. ನೀರಿನ ಮಾಲಿನ್ಯಕ್ಕೆ ನಿಯಂತ್ರಣ ಮಂಡಳಿಗಳು ನೋಡುವ ಮುಖ್ಯ ಅಂಕಿಗಳಲ್ಲಿ ಎರಡು, ಸಿಒಡಿ ಮತ್ತು ಬಿಒಡಿ. ಸಿಒಡಿ ಪರೀಕ್ಷೆಯಲ್ಲಿ ನೀರಿನ ಮಾದರಿಯನ್ನು ಸಲ್ಫ್ಯೂರಿಕ್ ಆಮ್ಲ, ಪೊಟ್ಯಾಸಿಯಂ ಡೈಕ್ರೊಮೇಟ್ ಸೇರಿಸಿ ಎರಡು ಗಂಟೆ ಕುದಿಸುತ್ತಾರೆ. ಅದರಲ್ಲಿದ್ದ ಸಾವಯವ ವಸ್ತುವೆಲ್ಲ ಉತ್ಕರ್ಷಣಗೊಂಡು ಒಂದು ಸಂಖ್ಯೆಯಾಗುತ್ತದೆ. ಸಕ್ಕರೆಯಿತ್ತೋ ಆ್ಯಂಟಿಬಯಾಟಿಕ್ ಇತ್ತೋ ಆ ಸಂಖ್ಯೆ ಹೇಳಲಾರದು, ಹೇಳಬೇಕಾದ ಗುರುತನ್ನು ಪರೀಕ್ಷೆಯೇ ಸುಟ್ಟಿರುತ್ತದೆ. ಬಿಒಡಿ ಇನ್ನೂ ವಿಚಿತ್ರ. 27 ಡಿಗ್ರಿಯಲ್ಲಿ ಮೂರು ದಿನ ಇಟ್ಟ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಎಷ್ಟು ಆಮ್ಲಜನಕ ಬಳಸಿದವು ಎಂದು ನೋಡುವುದು ಅದರ ಕ್ರಮ. ಕಡಿಮೆ ಬಳಸಿದ್ದರೆ ನೀರು ಶುದ್ಧ. ಆದರೆ ನೀರಿನಲ್ಲಿದ್ದ ಮದ್ದು ಆ ಬ್ಯಾಕ್ಟೀರಿಯಾಗಳನ್ನೇ ಕೊಂದಿದ್ದರೂ ಅಂಕಿ ಕಡಿಮೆಯೇ ಬರುತ್ತದೆ. ಲಾರ್ಸನ್ ತಂಡ ಮಾಡಿದ್ದು ಬೇರೆ ಕೆಲಸ. ಶಾಲೆಯಲ್ಲಿ ಸೋಸುಕಾಗದದ ಮೇಲೆ ಕಪ್ಪು ಶಾಯಿಯ ಚುಕ್ಕೆಯಿಟ್ಟು ತುದಿಯನ್ನು ನೀರಿಗೆ ಅದ್ದಿದರೆ, ನೀರು ಮೇಲೇರುತ್ತ ಬಣ್ಣಗಳನ್ನು ಒಂದೊಂದಾಗಿ ಬಿಡಿಸಿಡುತ್ತದಲ್ಲ, ಆ ಕ್ರೊಮಟೋಗ್ರಫಿಯನ್ನೇ ದೊಡ್ಡ ಉಪಕರಣದಲ್ಲಿ ಮಾಡಿ, ಮೊದಲು ಬೇರ್ಪಡಿಸಿ ಆಮೇಲೆ ಒಂದೊಂದು ಮದ್ದನ್ನೂ ಹೆಸರು ಹಿಡಿದು ತೂಗಿದರು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪಟಾನ್‌ಚೆರು–ಬೊಲ್ಲಾರಂ ಪ್ರದೇಶಕ್ಕೆ ನೂರಕ್ಕೆ 70.07 ಅಂಕ ಕೊಟ್ಟು ತೀವ್ರ ಮಲಿನ ಪ್ರದೇಶಗಳ ಪಟ್ಟಿಗೆ ಸೇರಿಸಿತು. ಔಷಧ ಕಾರ್ಖಾನೆಗಳ ನೀರಿನಲ್ಲಿ ಯಾವ ಆ್ಯಂಟಿಬಯಾಟಿಕ್ ಎಷ್ಟಿರಬಹುದು ಎಂದು ಒಂದೊಂದಕ್ಕೂ ಮಿತಿ ಹಾಕುವ ಕರಡು ನಿಯಮವನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಹೊರಡಿಸಿತು. 2021ರ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳ ಪಟ್ಟಿ ಅದರಲ್ಲಿ ಇರಲಿಲ್ಲ.

ಮಾಂಜ್ರಾ ನದಿ ತೆಲಂಗಾಣ ಸೇರುವ ಮೊದಲು ಹಾದುಬರುವುದು ನಮ್ಮ ಬೀದರ್ ಜಿಲ್ಲೆಯನ್ನು. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗರೂ, ಯಾದಗಿರಿಯ ಕಡೇಚೂರು–ಬಾಡಿಯಾಳ ಪ್ರದೇಶದ ಸುತ್ತಲಿನವರೂ ರಾಸಾಯನಿಕ, ಔಷಧ ಘಟಕಗಳ ಗಬ್ಬುವಾಸನೆ, ಕೊಳೆನೀರುಗಳ ಬಗ್ಗೆ ದೂರುತ್ತಲೇ ಬಂದಿದ್ದಾರೆ. ದೂರು ಬಂದಾಗ ಅಧಿಕಾರಿಗಳು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಆ ಬಾಟಲಿಯ ಮೇಲೆ ಅಂಟಿಸುವ ಚೀಟಿಯಲ್ಲಿ ಪಿಎಚ್, ಟಿಡಿಎಸ್, ಸಿಒಡಿ, ಬಿಒಡಿಗಳ ಜತೆಗೆ, ಆ ಕಾರ್ಖಾನೆ ಅಂದು ತಯಾರಿಸುತ್ತಿದ್ದ ಮದ್ದಿನ ಹೆಸರಿಗೂ ಒಂದು ಸಾಲು ಬೇಕು.